ಸದ್ದಿಗಿಂತ ಮೊದಲು

ಕಿವಿ ಪರೀಕ್ಷಿಸುವ ಕೋಣೆಯಲ್ಲಿ ಕುರ್ಚಿಯನ್ನು ಅಡ್ಡಕ್ಕೆ ಹಾಕಬೇಕು ಎಂಬುದು ಆ ಕಸುಬಿನ ಮೊದಲ ಪಾಠ. ಒಳಗೆ ಕೂತವರಿಗೆ ಗಾಜಿನ ಈಚೆ ಯಂತ್ರದ ಮುಂದಿರುವವರು ಕಾಣಬಾರದು. ಕಂಡರೆ ಕಿವಿಯ ಕೆಲಸವನ್ನು ಕಣ್ಣು ವಹಿಸಿಕೊಂಡುಬಿಡುತ್ತದೆ. ಹದಿನೇಳು ವರ್ಷ ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ ಕಿವಿ ಮೇಡಂ ಒಬ್ಬನಿಗೋಸ್ಕರ ಮಾತ್ರ ಕುರ್ಚಿ ತಿರುಗಿಸಿದ್ದಳು.

ಅವನು ಬಂದರಿನ ಕ್ರೇನ್ ನಡೆಸುವವನು. ಅಂಥವರ ಕಿವಿಯನ್ನು ಆರು ತಿಂಗಳಿಗೊಮ್ಮೆ ನೋಡಿ ಬರೆದುಕೊಡಬೇಕೆಂದು ಕಂಪನಿಯ ನಿಯಮ. ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗಲೇ ಅವನು ಹೇಳಿದ್ದ: "ಗೋಡೆ ನೋಡ್ಕೊಂಡು ಕೂತ್ರೆ ಮೇಷ್ಟ್ರು ಶಿಕ್ಷೆ ಕೊಟ್ಟ ಹಾಗಿರುತ್ತೆ ಮೇಡಂ. ಈ ಕಡೆ ತಿರುಗ್ಲಾ?" ಪಾಪ, ಅದರಲ್ಲೇನು ಎಂದು ಅವಳೇ ಎದ್ದು ಹೋಗಿ ಕುರ್ಚಿಯನ್ನು ತನ್ನ ಕಡೆಗೆ ಮಾಡಿಟ್ಟಳು.

ಆಮೇಲೆ ಅವನು ಅವಳನ್ನು ನೋಡಿದ. ನೋಡಿದ ಎಂದರೆ ಬಸ್ಸಿಗೆ ಕಾಯುವವರು ನೋಡುವ ಹಾಗಲ್ಲ. ಇಪ್ಪತ್ತು ನಿಮಿಷ, ರೆಪ್ಪೆ ಬಡಿಯುವುದಕ್ಕೂ ಲೆಕ್ಕ ಹಾಕುವವನ ಹಾಗೆ. ಅವಳ ಕಡೆ ಅಷ್ಟು ಹೊತ್ತು ಯಾರೂ ಕಣ್ಣಿಟ್ಟಿರಲಿಲ್ಲ. ಫೋಟೋ ತೆಗೆಯುವವನು ಕೂಡ ಎರಡು ನಿಮಿಷದಲ್ಲಿ ಸಾಕು ಅಂದಿದ್ದ.

ಅವಳಿಗೆ ನಲವತ್ತಮೂರು. ಎರಡನೇ ಮಹಡಿಯ ಎರಡು ಕೋಣೆಯಲ್ಲಿ ಒಂಟಿ ವಾಸ. ಕಿವಿ ಮಾತ್ರ ಬಲು ಚುರುಕು. ಮೇಲಿನ ಮನೆಯ ಗಂಡ ಹೆಂಡತಿ ಜಗಳವಾಡಿ ರಾಜಿಯಾದದ್ದು ಚಪ್ಪಲಿಯ ಸದ್ದಿನಲ್ಲೇ ತಿಳಿಯುತ್ತಿತ್ತು. ಭಾನುವಾರ ಅಣ್ಣ ಫೋನ್ ಮಾಡಿದಾಗ ಅತ್ತಿಗೆ ಹಿಂದಿನಿಂದ "ನಾನು ಸ್ನಾನಕ್ಕೆ ಹೋಗಿದೀನಿ ಅನ್ನಿ" ಎಂದು ಪಿಸುಗುಟ್ಟುವುದೂ ಸ್ಪಷ್ಟವಾಗಿ ಕೇಳುತ್ತಿತ್ತು.

ಕಾಯುವ ಕೋಣೆಯಲ್ಲಿ ಬಿದ್ದಿದ್ದ ಹಳೆಯ ಮಾಸಪತ್ರಿಕೆಯೊಂದರಲ್ಲಿ 'ಅವನಿಗೆ ನಿಮ್ಮ ಮೇಲೆ ಮನಸ್ಸಿದೆಯೇ?' ಎಂಬ ಲೇಖನವಿತ್ತು. ಇಬ್ಬರು ನಾಲ್ಕು ನಿಮಿಷ ಮುಖ ಮುಖ ನೋಡುತ್ತಾ ಕೂತರೆ ಅನುರಾಗ ಹುಟ್ಟುವ ಸಂಭವವಿದೆ ಎಂದೂ, ಮಾತಾಡುವಾಗ ಗಂಡಸಿನ ದೃಷ್ಟಿ ತುಟಿಗಿಳಿದರೆ ಅನುಮಾನವೇ ಬೇಡವೆಂದೂ ಬರೆದಿದ್ದರು. ಉಳಿದ ಲಕ್ಷಣಗಳಿದ್ದ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದರು. ಇದ್ದಷ್ಟೇ ಅವಳಿಗೆ ಸಾಕಾಯಿತು. ಮಾತಾಡುವಾಗ ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಎದುರೆದುರು ಕೂತದ್ದಂತೂ ಆರು ಸಲ, ಸಲಕ್ಕೆ ಇಪ್ಪತ್ತು ನಿಮಿಷ, ಒಟ್ಟು ಎರಡು ಗಂಟೆ. ಇದಕ್ಕಿಂತ ಕಡಿಮೆ ಹೊತ್ತು ನೋಡಿ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರಿದ್ದಾರೆ.

ಏಳನೆಯ ಸಲ ಅವನು ಬರುವ ದಿನ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಪರೀಕ್ಷೆ ಮುಗಿದ ಮೇಲೆ "ಎದುರುಗಡೆ ಕಾಫಿ ಚೆನ್ನಾಗಿರುತ್ತೆ, ಬರ್ತೀರಾ?" ಎಂದು ಕೇಳಿಯೇಬಿಡುವುದು. ಆ ನಾಲ್ಕು ಪದಗಳನ್ನೂ ಒಂದಲ್ಲ ಒಂದು ದನಿಯಲ್ಲಿ ವಾರವಿಡೀ ಹೇಳಿ ನೋಡಿದ್ದಳು. ದಿನಾ ಹಾಕುತ್ತಿದ್ದ ಬೂದು ಸ್ವೆಟರನ್ನು ಮೊಳೆಗೆ ಬಿಟ್ಟು, ಕತ್ತಿನಿಂದ ಮೊಣಕೈವರೆಗೆ ಇಳಿಯುವ ನವಿಲು ಬಣ್ಣದ ಅಗಲವಾದ ಶಾಲು ಹೊದ್ದು ಬಂದಳು.

ಬಾಗಿಲ ಬಳಿ ಹೆಸರು ಬರೆದುಕೊಳ್ಳುವ ಚೀಟಿ ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು.

"ಬೆಳಗ್ಗೆಯಿಂದ ಮೂರು ಸಲ ಕನ್ನಡಿ ಮುಂದೆ ನಿಂತಿದ್ದಾಯ್ತು. ಇವತ್ತು ಪರೀಕ್ಷೆ ಅವರಿಗೋ ನಿನಗೋ?"

"ಚಳಿ ಅಕ್ಕಾ."

"ಹೌದೌದು. ನಂಗೂ ಇಪ್ಪತ್ತೆರಡನೇ ವಯಸ್ಸಲ್ಲಿ ಇಂಥದ್ದೇ ಚಳಿ ಬಂದಿತ್ತು. ಇನ್ನೂ ಮನೇಲಿ ಕೂತು ಊಟ ಮಾಡ್ತಿದೆ."

ಅವನು ಹೇಳಿದ ಹೊತ್ತಿಗೇ ಬಂದ. ಶಾಲು ನೋಡಿ "ಹೊಸದು" ಅಂದ. ಒಳಗೆ ಹೋಗಿ ಕೂತು, ಹೆಡ್‌ಫೋನ್ ಏರಿಸಿ, ಸದ್ದು ಕೇಳಿದಾಗ ಒತ್ತುವ ಗುಂಡಿಯನ್ನು ಕೈಯಲ್ಲಿ ಹಿಡಿದ. ದಪ್ಪ ಸ್ಪಂಜಿನ ಗೋಡೆಗಳ ನಡುವೆ ಕೂತು ಎಂದಿನಂತೆ ಅವಳನ್ನು ನೋಡಿದ. ಆದರೆ ನೋಟ ಇವತ್ತು ನಿಂತಲ್ಲಿ ನಿಲ್ಲಲಿಲ್ಲ. ಶಾಲಿನ ಮೇಲೆ ಎಡಕ್ಕೂ ಬಲಕ್ಕೂ ತಡಕಾಡಿತು. ಅವನು ಕತ್ತು ಕೂಡ ಉದ್ದ ಮಾಡಿದ. ನವಿಲು ಬಣ್ಣ ನನಗೊಪ್ಪುತ್ತದೆ ಎಂದು ಅಂಗಡಿಯವಳು ಹೇಳಿದ್ದು ಸುಳ್ಳಲ್ಲ ಎಂದುಕೊಂಡು ಅವಳು ಮೊದಲ ಸದ್ದು ಬಿಟ್ಟಳು.

ಅವನು ಒತ್ತಲಿಲ್ಲ.

ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಪಕ್ಕದಲ್ಲಿ ನಾಯಿ ಬೊಗಳುವಷ್ಟು ಏರಿಸಿದ ಮೇಲೆ ಬೆಚ್ಚಿ ಒತ್ತಿದ. ಯಂತ್ರ ಕೆಟ್ಟಿರಬೇಕು ಎಂದು ಅವಳು ಒಳಗೆ ಹೋಗಿ ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿ ನೋಡಿದಳು. ಸರಿಯಾಗಿತ್ತು. ಹೊರಗೆ ತನ್ನ ಮೇಜಿನ ಅಡಿ ತೂರಿ ತಂತಿ ನೋಡಲು ಶಾಲು ಅಡ್ಡ ಬಂತು. ಅದನ್ನು ತೆಗೆದು ತನ್ನ ಕುರ್ಚಿಗೆ ಹಾಕಿ, ತಂತಿ ಬಿಚ್ಚಿ ಸಿಕ್ಕಿಸಿ, ಮತ್ತೆ ಶುರು ಮಾಡಿದಳು. ಈಗ ಅವನು ಎಂದಿನ ಹಾಗೆ, ಇರುವೆ ನಡೆದಷ್ಟು ಸಣ್ಣ ಸದ್ದಿಗೂ ತಪ್ಪದೆ ಒತ್ತಿದ.

ಅವಳಿಗೆ ಸಮಾಧಾನವಾಯಿತು. ಆ ಸಮಾಧಾನ ಮೂರು ಸದ್ದಿನ ತನಕ ಇತ್ತು. ಹದಿನೇಳು ವರ್ಷದಲ್ಲಿ ಅವಳು ಬಗೆಬಗೆಯ ಕಿವಿಗಳನ್ನು ಕಂಡಿದ್ದಳು, ಆದರೆ ಇನ್ನೊಬ್ಬರು ಶಾಲು ತೆಗೆದರೆ ವಾಸಿಯಾಗುವ ಕಿವಿ ಕಂಡಿರಲಿಲ್ಲ.

ಬೆರಳನ್ನು ಯಂತ್ರದ ಗುಂಡಿಯಿಂದ ಪಕ್ಕದ ಮೇಜಿನ ಖಾಲಿ ಜಾಗಕ್ಕೆ ಸರಿಸಿದಳು. ಅಲ್ಲಿ ಒತ್ತಿದಳು. ಸದ್ದಿಲ್ಲ. ಅವನು ಒತ್ತಿದ. ಇನ್ನೊಮ್ಮೆ ಖಾಲಿ ಮರವನ್ನು ಒತ್ತಿದಳು. ಅವನೂ ಒತ್ತಿದ. ಇಲ್ಲದ ಸದ್ದುಗಳನ್ನು ನಾಲ್ಕು ಸಲ ಕೇಳಿಸಿಕೊಂಡ, ನಾಲ್ಕು ಸಲವೂ ಸಣ್ಣಗೆ ನಕ್ಕ. ಅದೇ ನಗುವನ್ನು ಅವಳು ಮೂರು ವರ್ಷ ಮನೆಗೆ ಒಯ್ದಿದ್ದಳು.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಫ್ರಿಜ್ಜಿನ ಬಾಗಿಲಿನಂತೆ ಅದು ಮೆತ್ತಗೆ ಕಚ್ಚಿಕೊಂಡಿತು.

"ಯಾವಾಗಿಂದ ಕೇಳ್ತಿಲ್ಲ?"

ಅವನು ಅವಳ ತುಟಿ ನೋಡಿದ. ಹೆಡ್‌ಫೋನ್ ತೆಗೆದು, ಹಿರಿಯರೆದುರು ಟೋಪಿ ತೆಗೆದವನ ಹಾಗೆ ತೊಡೆಯ ಮೇಲಿಟ್ಟುಕೊಂಡ.

"ಐದು ವರ್ಷ ಆಯ್ತು. ಅಷ್ಟು ಎತ್ತರದಲ್ಲಿ ಕಿವಿ ಏನು ಕೆಲಸಕ್ಕೆ ಮೇಡಂ? ಕೆಳಗೆ ನಿಂತವನು ಕೈ ಬೀಸ್ತಾನೆ, ನಾನು ಎತ್ತೋದು ಇಳಿಸೋದು ಮಾಡ್ತೀನಿ. ಅವನು ಕೈ ಎತ್ತೋಕೆ ಮುಂಚೆ ಸೊಂಟ ತಿರುಗುತ್ತೆ. ನಂಗೆ ಅಷ್ಟರಲ್ಲೇ ಗೊತ್ತಾಗುತ್ತೆ."

"ನಂದು?"

"ನಿಮ್ಮದು ಎಡ ಭುಜ. ಒತ್ತೋಕೆ ಮುಂಚೆ ಒಂಚೂರು ಇಳಿಯುತ್ತೆ. ಸಣ್ಣ ಸದ್ದಾದ್ರೆ ಉಸಿರು ಹಿಡೀತೀರಿ. ಬೇಜಾರಿದ್ರೆ ಬೇಗ ಬೇಗ ಒತ್ತುತ್ತೀರಿ. ಹೋದ ಸಲ ಹಾಗೇ ಒತ್ತಿದ್ರಿ."

ಹೋದ ಸಲ ಅವನು ಬಂದದ್ದು ಅವಳ ಹುಟ್ಟುಹಬ್ಬದ ಮರುದಿನ. ಆ ಹುಟ್ಟುಹಬ್ಬ ನೆನಪಿದ್ದದ್ದು ಬ್ಯಾಂಕಿನ ಕಂಪ್ಯೂಟರಿಗೆ ಮಾತ್ರ.

"ಕೆಳಗಿಂದ ಯಾರಾದ್ರೂ ಕೂಗಿದ್ರೆ?" ಎಂದಳು.

"ಯಾರೂ ಕೂಗಲ್ಲ."

"ಕೂಗಿದ್ರೆ?"

ಅವನು ಗುಂಡಿಯನ್ನು ಕೈಯಲ್ಲಿ ತಿರುಗಿಸಿದ. "ಇನ್ನೆರಡು ವರ್ಷ ಮೇಡಂ, ಆಮೇಲೆ ನಾನೇ ಇಳೀತೀನಿ. ಮೇಲಿಂದ ನೋಡಿದ್ರೆ ಎಲ್ಲರೂ ನಮ್ಮೋರ ಥರ ಕಾಣ್ತಾರೆ. ಕೆಳಗೆ ಬಂದ್ರೆ ಕೋಣೆ, ಬೀಗ, ಅಷ್ಟೆ."

ಬರೆದುಕೊಡುವ ಕಾಗದದಲ್ಲಿ ಒಂದು ಗೆರೆ ಆಚೀಚೆ ಎಳೆದರೆ ಅವನು ಮೇಲೆ ಉಳಿಯುತ್ತಿದ್ದ, ಆರು ತಿಂಗಳಿಗೊಮ್ಮೆ ಬಂದು ಹೀಗೆ ಕಣ್ಣಿಟ್ಟು ನೋಡುತ್ತಲೂ ಇರುತ್ತಿದ್ದ. ಅವಳು ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಕೊಕ್ಕೆಯಲ್ಲಿ ತೂಗಾಡುವ ಪೆಟ್ಟಿಗೆಯನ್ನೂ, ಅದರ ಅಡಿಯಲ್ಲಿ ಬಾಯಿ ತೆರೆದು ಕೂಗುವ ಯಾರನ್ನೋ ಕೂಡ ಯೋಚಿಸಿದಳು.

ಆಮೇಲೆ ಅವನಿಗೆ ಬೆನ್ನು ಮಾಡಿ, ಸ್ಪಂಜಿನ ಗೋಡೆಗೆ ಮುಖ ಕೊಟ್ಟು ಕೇಳಿದಳು: "ಅಷ್ಟು ಹೊತ್ತೂ ಬರೀ ಭುಜಾನೇ ನೋಡ್ತಿದ್ರಾ?"

ಸದ್ದು ನುಂಗುವ ಗೋಡೆ ತನ್ನ ಕೆಲಸ ಮಾಡಿತು. ಅವಳು ತಿರುಗಿದಾಗ ಅವನು ಹಾಗೇ ಕೂತಿದ್ದ, ಅವಳ ತುಟಿ ಅಲುಗುವುದನ್ನೇ ಕಾಯುತ್ತಾ.

"ಏನಾದ್ರೂ ಅಂದ್ರಾ?"

"ಏಳಿ ಅಂದೆ. ಕುರ್ಚಿ ತಿರುಗಿಸ್ಬೇಕು."

ಅವನು ಎದ್ದ. ಅವಳು ಕುರ್ಚಿಯನ್ನು ಅಡ್ಡಕ್ಕೆ ಹಾಕಿದಳು. ಅವನು ಗೋಡೆ ನೋಡುತ್ತಾ ಕೂತ. ಬಲಗಿವಿಯಿಂದ ಶುರು ಮಾಡಿದಳು. ಬಂದದ್ದನ್ನು ಬಂದ ಹಾಗೆ ಬರೆದಳು.

ಕಾಗದ ತೆಗೆದುಕೊಂಡು ಬಾಗಿಲವರೆಗೆ ಹೋದವನು ನಿಂತು, ತನಗೇ ಕೇಳದವರು ಮಾತಾಡುವ ಗಟ್ಟಿ ದನಿಯಲ್ಲಿ "ಶಾಲು ಚೆನ್ನಾಗಿದೆ, ನಿಜವಾಗ್ಲೂ" ಅಂದ. ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಅದನ್ನು ಲಾಭಕ್ಕೋ ನಷ್ಟಕ್ಕೋ, ಯಾವ ಕಡೆಗೆ ಬರೆದುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ನಾಲ್ಕು ಪದಗಳನ್ನು ಹೇಳದೆಯೇ ಮುಂದಿನವರ ಹೆಸರು ಕರೆದಳು.

ಆರು ತಿಂಗಳಾದ ಮೇಲೆ ಬಂದರಿನಿಂದ ಬೇರೊಬ್ಬ ಬಂದ. ಕೇಳಿದಾಗ ಒತ್ತಿದ, ಕೇಳದಾಗ ಸುಮ್ಮನಿದ್ದ, ಒಮ್ಮೆ ಆಕಳಿಸಿದ. ಹಳಬನನ್ನು ಉಗ್ರಾಣಕ್ಕೆ ಹಾಕಿದ್ದಾರಂತೆ, ಕಿವಿಗೆ ಯಂತ್ರ ಕೊಟ್ಟಿದ್ದಾರಂತೆ ಎಂದು ಚೀಟಿ ಅಕ್ಕ ಸುದ್ದಿ ತಂದಳು. "ಈಗ ಎಲ್ಲಾ ಕೇಳ್ಸುತ್ತಂತೆ. ಯಾರ ಮುಖಾನೂ ನೋಡಲ್ವಂತೆ" ಎಂದೂ ಸೇರಿಸಿದಳು.

ಅಂದು ಸಂಜೆ ಮನೆಗೆ ಬಂದು ದೀಪದ ಸ್ವಿಚ್ಚಿಗೆ ಕೈಯಿಟ್ಟಾಗ ಅವಳ ಎಡ ಭುಜ ಒಂಚೂರು ಇಳಿಯಿತು. ಅವಳು ನಿಂತಳು. ದೀಪ ಆರಿಸಿ ಮತ್ತೆ ಹಾಕಿದಳು. ಮೊದಲು ಭುಜ, ಆಮೇಲೆ ಬೆಳಕು. ಅವನು ಹೇಳಿದ್ದು ನಿಜ. ಮೇಲಿನ ಮನೆಯಲ್ಲಿ ಚಪ್ಪಲಿಗಳು ಒಂದರ ಹಿಂದೊಂದು ಅಡುಗೆಮನೆಗೆ ಹೋದವು. ಅವಳು ಇನ್ನೊಮ್ಮೆ ದೀಪ ಆರಿಸಿದಳು, ಹಾಕುವ ಮುಂಚೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.