ಸೊಳ್ಳೆಪರದೆಯ ಪದರಗಳು

“ಇದನ್ನ ಯಾರು ಇಷ್ಟು ಉರಿಸ್ಯಾರ?”

ವಿಭೂತಿಯ ತಟ್ಟೆ ಹಿಡಿದು ಪಡಸಾಲೆಗೆ ಬಂದ ಸುಂದರಬಾಯಿ ಕೇಳಿದಳು. ಯಾರನ್ನೂ ನೋಡಿ ಕೇಳಿದ್ದಲ್ಲ. ತೀರಿಕೊಂಡು, ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡ ಶಿವರಾಜಪ್ಪನವರ ಹಣೆಯ ಮೇಲೆ ವಿಭೂತಿಯ ಪಟ್ಟೆ ಆಗಲೇ ಒಣಗಿತ್ತು. ಅವರ ಮಗ್ಗುಲಿಗಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಯ ಮೇಲೆ ದೀಪ ಮದುವೆ ಮಂಟಪದಂತೆ ಬೆಳ್ಳಗೆ ಉರಿಯುತ್ತಿತ್ತು. ತೊಟ್ಟಿಯೊಳಗಿನ ಮೆತ್ತನೆಯ ಹವಳ ದಿನವೂ ಈ ಹೊತ್ತಿಗೆ ಬೆರಳು ಬಿಡಿಸಿದ ಅಂಗೈಯಂತೆ ಅರಳಿರುತ್ತಿತ್ತು. ಇಂದು ಮುಷ್ಟಿ ಕಟ್ಟಿಕೊಂಡಿತ್ತು. ಅದರ ಕಂದುಬಣ್ಣ ತುದಿಗಳಲ್ಲಿ ಮಾಸಿತ್ತು.

ರಾತ್ರಿಯಿಡೀ ವಚನ ಹಾಡಿದ ಭಜನೆಯವರು ಚಹಾ ಕುಡಿಯುತ್ತಿದ್ದರು. ಭಾವನ ಮಗ ಬಸವಕಿರಣ ತಲೆ ಕೆರೆದುಕೊಳ್ಳುತ್ತ ಬಂದು ತಾನೇ ದೀಪದ ಗುಂಡಿ ತಿರುಗಿಸಿದ್ದೆಂದು ಹೇಳಿದ. ತೊಟ್ಟಿಯ ಮಂದ ನೀಲಿ ಬೆಳಕಿನಲ್ಲಿ ಕಾಕಾನ ಮುಖ ಕಪ್ಪಿಟ್ಟಂತೆ ಕಾಣುತ್ತಿತ್ತು, ದರ್ಶನಕ್ಕೆ ಬಂದವರಿಗೆ ಚಂದ ಕಾಣಲಿ ಎಂದು ಅಪ್ಪನೇ ಹೇಳಿದ್ದ.

ಅಪ್ಪ ಎಂದರೆ ಪಂಢರಿ, ಶಿವರಾಜಪ್ಪನವರ ಅಣ್ಣ. ಖಟಕ ಚಿಂಚೋಳಿಯಲ್ಲಿ ಹೊಲ ನೋಡಿಕೊಂಡಿದ್ದವನು. ನಿನ್ನೆ ಸಂಜೆ ಸುದ್ದಿ ತಿಳಿದು ಬೀದರದ ಚಿದ್ರಿಯ ಈ ಮನೆಗೆ ಬಂದಾಗಿನಿಂದ ತಮ್ಮನ ಪಕ್ಕ ಬಿಟ್ಟು ಎದ್ದಿರಲಿಲ್ಲ.

ಜಹೀರೋದ್ದೀನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಓಣಿಯ ತುದಿಯಲ್ಲಿ ಅವನದು ಬಲ್ಬು, ವೈರಿನ ಅಂಗಡಿ. ಶಿವರಾಜಪ್ಪನವರು ಮೊದಲ ಸಲ ತನ್ನ ಅಂಗಡಿಗೆ ಬಂದದ್ದನ್ನು ಅವನು ಭಜನೆಯವರಿಗೆ ಹೇಳತೊಡಗಿದ.

“ಸೂರ್ಯನ್ಹಂಗ ನಿಧಾನಕ ಏರಿ ನಿಧಾನಕ ಮುಳುಗೂ ಬಲ್ಬ್ ಐತೇನು ಅಂತ ಕೇಳಿದ್ರು. ನಾ ಅಂದೆ, ಸಾಬ್, ಆ ಕಂಪನಿ ಮಾಲು ಮ್ಯಾಲಿಂದ ಬರ್ತದ, ನಮ್ಮ ಅಂಗಡ್ಯಾಗ ಸಿಗಂಗಿಲ್ಲ.” ಅವನು ಎರಡು ಬೆರಳು ಜೋಡಿಸಿ ತೋರಿಸಿದ. “ಆಮ್ಯಾಲ ಆ ದೀಪ ಇಬ್ರೂ ಕೂಡೇ ಮಾಡಿದ್ವಿ.”

ಆಗ ಅವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಸುಂದರಬಾಯಿಯ ಹತ್ತಿರ ಸರಿದು, ಕಡಿಮೆ ಮಾಡಲೇ ಎಂದು ಮೆಲ್ಲಗೆ ಕೇಳಿದ. ಪಂಢರಿಗೆ ಅದು ಕೇಳಿಸಿತು. ದೇಹ ಮಣ್ಣು ಸೇರುವ ತನಕ ಅದು ಕುಂತ ಜಾಗದ ಬೆಳಕು ಕುಂದಿಸಬಾರದು ಎಂದ. ಮದುವೆಯಾಗಿ ಬಂದಾಗಿನಿಂದ ಭಾವನ ಮಾತಿಗೆ ಎದುರಾಡಿ ಗೊತ್ತಿಲ್ಲದ ಸುಂದರಬಾಯಿ ಸೆರಗು ಎಳೆದುಕೊಂಡು ವಿಭೂತಿಯ ತಟ್ಟೆ ಒಳಗೆ ಒಯ್ದಳು.

\*

ಆ ತೊಟ್ಟಿ ಮನೆಗೆ ಬಂದಾಗ ಅವಳಿಗೆ ಸಿಟ್ಟು ಬಂದಿತ್ತು. ಶಿವರಾಜಪ್ಪನವರು ಹರೆಯದಲ್ಲಿ ರಾಮೇಶ್ವರದ ಕಡೆ ಸಮುದ್ರದಲ್ಲಿ ಮುಳುಗಿ ಹವಳ ಅಭ್ಯಾಸ ಮಾಡಿದವರು. ಆಮೇಲೆ ಬೀದರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಇಲ್ಲೇ ನಿಂತರು. ಕುಡಿಯುವ ನೀರಿಗೇ ಕೊಡ ಸಾಲಾಗಿ ಇಡುವ ಊರಿನಲ್ಲಿ ಇವರಿಗೆ ಸಮುದ್ರ ಬೇಕಾಗಿದೆ ಎಂದು ಅವಳು ಹಂಗಿಸಿದ್ದಳು.

ಅವರು ಅವಳನ್ನು ಕೂರಿಸಿಕೊಂಡು ತೋರಿಸಿದ್ದರು. “ಇದರ ಮೈಯಾಗ ಕಣ್ಣಿಗಿ ಕಾಣದಂಥ ಪಾಚಿ ಅದಾವ. ಬೆಳಕಿನಾಗ ಅಡಿಗಿ ಮಾಡಿ ಇದಕ್ಕ ಉಣಸೂದು ಅವೇ. ಬೆಳಕ ಕಡಿಮಿ ಆತಂದ್ರ ಬಣ್ಣ ಹೆಚ್ಚ ಮಾಡ್ಕೋತಾವ, ಇದ್ದಷ್ಟನ್ನ ಹಿಡೀಲಿಕ್ಕ. ಒಮ್ಮಿಗೇ ಹೆಚ್ಚಾತಂದ್ರ ತಡಕೊಳ್ಳಾಂಗಿಲ್ಲ. ಉರಿ ಹೆಚ್ಚಾಗಿ ರೊಟ್ಟಿ ಹೊತ್ತಿದ್ಹಂಗ.”

“ಹೊತ್ತಿದ ಮ್ಯಾಲ?”

“ನೆರಳ ಕೊಡಬೇಕು. ರಾತ್ರಿ ಕೊಡಬೇಕು. ತಾವೇ ಸುಧಾರಿಸ್ಕೋತಾವ. ಅಷ್ಟೂ ಕೊಡಲಿಲ್ಲಂದ್ರ ಹವಳ ಪಾಚಿನ್ನ ಹೊರಗ ಹಾಕ್ತದ. ಬೆಳ್ಳಗಾಗ್ತದ. ಆಮ್ಯಾಲ ಉಪವಾಸ.”

ಹೊಸ ದೀಪ ಕೂರಿಸಿದ ವರ್ಷವೇ ಮಗಳು ಈಶ್ವರಿ ಜ್ವರದಲ್ಲಿ ತೀರಿಕೊಂಡಳು. ಸುಂದರಬಾಯಿ ಒಳಕೋಣೆಯ ಕಿಟಕಿ ಮುಚ್ಚಿಸಿ, ಗೋಡೆಗೆ ಮುಖ ಮಾಡಿ ಮಲಗಿದಳು. ಬಂದವರೆಲ್ಲ ಏಳು ಎಂದರು. ಕೈ ಹಿಡಿದು ಬಿಸಿಲಿಗೆ ಎಳೆದರು. ಅವಳಿಗೆ ತಲೆ ಸಿಡಿದು ಮತ್ತೆ ಕತ್ತಲೆಗೇ ಬಂದು ಬಿದ್ದಳು. ಗಂಡ ಮಾತ್ರ ಏಳು ಅನ್ನಲಿಲ್ಲ. ಹಳೆಯ ಸೊಳ್ಳೆಪರದೆ ಕತ್ತರಿಸಿ ಏನೋ ಮಾಡುತ್ತಿದ್ದದ್ದು ಮಂಪರಿನಲ್ಲಿ ಕಂಡಿತ್ತು. ಕಿಟಕಿಯ ಬಾಗಿಲು ಯಾವಾಗ ತೆರೆಯಿತೋ ಅವಳಿಗೆ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಹೊರಗಿನ ಬೇವಿನ ಎಲೆಗಳು ಒಂದೊಂದಾಗಿ ಕಂಡವು. ಅವಳು ಎದ್ದು ಕೂತು ಚಹಾ ಕೇಳಿದಳು. ಲೋಟ ಹಿಡಿದು ಪಡಸಾಲೆಗೆ ಬಂದರೆ ಶಿವರಾಜಪ್ಪನವರು, ಹವಳ ಹೊಸ ದೀಪಕ್ಕೆ ಒಗ್ಗಲೆಂದು ತೊಟ್ಟಿಯ ಮೇಲೆ ಹೊದಿಸಿದ್ದ ಪರದೆಯ ಒಂದು ತುಂಡು ತೆಗೆದು ಮಡಚುತ್ತಿದ್ದರು. ಅಲ್ಲಿ ಇನ್ನೊಂದೇ ಪದರ ಉಳಿದಿತ್ತು. ಅವಳು ತಿರುಗಿ ಕಿಟಕಿ ನೋಡಿದಳು. ಅಲ್ಲೂ ಒಂದೇ ಉಳಿದಿತ್ತು, ಅದೇ ಪರದೆಯದು.

ಆ ಸಂಜೆ ಅವಳು ಅವರಿಗೆ ಸೇರುವ ಪುಂಡಿಪಲ್ಲೆ ಮಾಡಿದಳು.

\*

ಖಟಕ ಚಿಂಚೋಳಿಯ ಹೊಲದಲ್ಲಿ, ತಂದೆ ತಾಯಿಯ ಸಮಾಧಿಯ ಮಗ್ಗುಲಿಗೆ, ಶಿವರಾಜಪ್ಪನವರನ್ನು ಕುಳಿತಂತೆಯೇ ಇಳಿಸಿದರು. ಜಂಗಮರು ಮಂತ್ರ ಹೇಳಿದರು. ಪತ್ರಿ, ವಿಭೂತಿ, ಮಣ್ಣು ಬಿದ್ದವು. ಪಂಢರಿ ತನ್ನ ಪಾಲಿನ ಹಿಡಿಮಣ್ಣನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟ. ಮಗ ಮೊಣಕೈ ಮುಟ್ಟಿದ ಮೇಲೆ ಹಾಕಿದ.

ಔರಾದದಿಂದ ಬಂದ ಒಬ್ಬಳು ಬೇವಿನ ನೆರಳಿನಲ್ಲಿ ಸುಂದರಬಾಯಿಯ ಪಕ್ಕ ಕೂತಳು. ಹೆಸರು ವಿಶಾಖಾ, ಸರ್ ಅವರ ಹಳೆಯ ವಿದ್ಯಾರ್ಥಿನಿ, ಈಗ ತಾನೂ ಶಿಕ್ಷಕಿ.

“ಕಾಲೇಜಿಗಿ ಬಂದ ಹೊಸದಾಗಿ ನಾ ಹಿಂದಿನ ಬೆಂಚಿನ್ಯಾಗ ಬಾಯಿ ಹೊಲಕೊಂಡು ಕೂಡ್ತಿದ್ದೆರಿ ಅವ್ವಾರ. ಉಳಿದ ಮಾಸ್ತರ್ರು ಎಬ್ಬಿಸಿ ನಿಂದರಸ್ತಿದ್ರು. ಸರ್ ಬಾಳ ದಿನ ಏನೂ ಕೇಳಲೇ ಇಲ್ಲ. ಆಮ್ಯಾಲ ಬರೇ ಹೆಸರ ಕೇಳಿದ್ರು. ಆಮ್ಯಾಲ ಹೌದು-ಅಲ್ಲ ಅನ್ನೂವಂಥದ್ದು ಒಂದು ಪ್ರಶ್ನಿ.” ವಿಶಾಖಾ ಕಣ್ಣೊರೆಸಿಕೊಂಡು ನಕ್ಕಳು. “ಈಗ ನಮ್ಮ ಸಾಲ್ಯಾಗ ನನ್ನ ಬಾಯಿ ಮುಚ್ಚಸವ್ರೇ ಇಲ್ಲರಿ.”

ಸುಂದರಬಾಯಿ ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಸವಕಿರಣ ಬಂದು ಗಾಡಿ ಹೊರಡುತ್ತದೆ ಎನ್ನುವ ತನಕ ಬಿಡಲಿಲ್ಲ. ಭಾಲ್ಕಿ ದಾಟಿ ಬೀದರ ಮುಟ್ಟುವವರೆಗೂ ಅವಳು ಹೊತ್ತು ಇಳಿಯುವುದನ್ನೇ ನೋಡುತ್ತಿದ್ದಳು. ಬೆಳಕು ಎಲ್ಲೂ ಒಮ್ಮೆಗೇ ಆರಲಿಲ್ಲ.

\*

ಮನೆಯಲ್ಲಿ ಅವರನ್ನು ಕೂರಿಸಿದ್ದ ಜಾಗವನ್ನು ಸಾರಿಸಿ ಎಣ್ಣೆಯ ಹಣತೆ ಹಚ್ಚಿದ್ದರು. ತೊಟ್ಟಿಯ ದೀಪ ಇನ್ನೂ ಹಾಗೇ ಉರಿಯುತ್ತಿತ್ತು. ಹವಳದ ಬೆರಳುಗಳು ಅರ್ಧದ ತನಕ ಬೆಳ್ಳಗಾಗಿದ್ದವು. ಬುಡದಲ್ಲಿ ಮಾತ್ರ ಕಂದು ಉಳಿದಿತ್ತು.

ಇವತ್ತೂ ಭಜನೆ ಇದೆ, ದೀಪ ಬೆಳತನಕ ಇರಲಿ ಎಂದು ಪಂಢರಿ ಎಲ್ಲರಿಗೂ ಕೇಳುವಂತೆ ಹೇಳಿದ. ಸುಂದರಬಾಯಿ ಒಳಗೆ ಹೋದಳು. ಟ್ರಂಕಿನ ತಳದಿಂದ ಹಳದಿಗಟ್ಟಿದ ಪರದೆಯ ತುಂಡುಗಳನ್ನು ತಂದಳು. ಬಾಗಿಲಲ್ಲಿ ನಿಂತಿದ್ದ ಜಹೀರೋದ್ದೀನನಿಗೆ, ಗುಂಡಿ ತಿರುಗಿಸು ಎಂದಳು. ಅವನು ಪಂಢರಿಯನ್ನು ನೋಡಿದ, ಅವಳನ್ನು ನೋಡಿದ, ತಿರುಗಿಸಿದ.

ಬಿಳಿ ಬೆಳಕು ಇಳಿಯುತ್ತ ನೀಲಿಯಾಯಿತು. ಅವಳು ಒಂದು ಪದರ ಹಾಸಿದಳು. ಅದರ ಮೇಲೆ ಇನ್ನೊಂದು.

ಪಂಢರಿ ಗೋಡೆ ಹಿಡಿದು ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಸುಂದರಾ, ನನ್ನ ತಮ್ಮಗ ಸಣ್ಣಾಂವ ಇದ್ದಾಗಿಂದ ಕತ್ತಲಂದ್ರ ಅಂಜಿಕಿ. ನನ್ನ ಧೋತರದ ಚುಂಗ ಹಿಡದು ಮಲಗ್ತಿದ್ದ. ಇದೊಂದು ರಾತ್ರಿ ಇರಲಿ. ಕೈ ಮುಗದು ಕೇಳ್ತೇನಿ.”

ಅವಳು ಬಗ್ಗಿ ಹಣತೆಗೆ ಎಣ್ಣೆ ಹನಿಸಿ, ಬತ್ತಿ ಮುಂದೆ ಮಾಡಿ, ಅದನ್ನು ಗಂಡನನ್ನು ಕೂರಿಸಿದ್ದ ಜಾಗಕ್ಕೆ ಇನ್ನಷ್ಟು ಹತ್ತಿರ ಸರಿಸಿದಳು. ಆಮೇಲೆ ಉಳಿದ ಕೊನೆಯ ಪದರವನ್ನು ಜಾಡಿಸಿ ತೊಟ್ಟಿಯ ಮೇಲೆ ಹೊದಿಸಿ, ಮೂಲೆಗಳನ್ನು ಎಳೆದು ಸರಿಮಾಡಿದಳು.

“ಆಗೂದಿಲ್ಲರಿ ಭಾವಾರ.”