ಪಟಾಲಮ್ಮನಿಗೆ ನಾಲ್ಕು ಪ್ರಶ್ನೆ

ಗೌರಿ ಡಾಕ್ಟರಾಗುತ್ತಾಳೆ ಎಂದು ಬ್ಯಾಟರಾಯನಪುರದಲ್ಲಿ ಮೊದಲು ಬಾಯಿ ಬಿಟ್ಟವನು ನಾನೇ. ಅವಳಿಗೆ ಅ ಆ ಇ ಈ ಕಲಿಸಿದ ಮೇಷ್ಟ್ರು ನಾನು, ಕೃಷ್ಣಯ್ಯ. ಹೊಗಳುವುದಕ್ಕೆ ಹೇಳಿದ ಮಾತನ್ನು ಅವಳಪ್ಪ ಮುನಿಶಾಮಪ್ಪ ಗಟ್ಟಿಯಾಗಿ ಹಿಡಿದುಕೊಂಡ. ದ್ರಾಕ್ಷಿ ತೋಟಕ್ಕೆ ಬಂದವರಿಗೆಲ್ಲ ಹೇಳಿದ. ಅವಳು ಪಿಯುಸಿ ಪರೀಕ್ಷೆಗೆ ಕೂರುವ ಮೊದಲೇ ಊರಿನ ಮೂವರು ತಮ್ಮ ಮಂಡಿನೋವನ್ನು ಬೇರೆ ಯಾರಿಗೂ ತೋರಿಸದೆ ಅವಳಿಗೆಂದೇ ಉಳಿಸಿಕೊಂಡಿದ್ದರು.

ಅರವತ್ತಮೂರರ ಜುಲೈನಲ್ಲಿ ಮೆಡಿಕಲ್ ಸೀಟಿನ ಪಟ್ಟಿ ಬಂತು. ಅದರಲ್ಲಿ ಗೌರಿಯ ಹೆಸರಿರಲಿಲ್ಲ. ಮುನಿಶಾಮಪ್ಪ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನನ್ನ ಕೈಲಿ ಓದಿಸಿದ. ಎರಡು ಕಡೆಯಿಂದಲೂ ಇರಲಿಲ್ಲ.

ಆಮೇಲೆ ಮೂರು ದಿನ ಅವರ ಜಗುಲಿಯಲ್ಲಿ ಜಗಳವೋ ಜಗಳ. ಅಜ್ಜಿ ನಾರಾಯಣಮ್ಮ, ಜಕ್ಕೂರಿನಲ್ಲಿರುವ ತನ್ನ ಮಗಳ ಮಗನಿಗೆ ಕೊಟ್ಟು ಮದುವೆ ಮಾಡಿಬಿಡಿ ಎಂದಳು. ಮುನಿಶಾಮಪ್ಪ, ಈ ವರ್ಷ ಬಿಎಸ್ಸಿಗೆ ಹಾಕೋಣ, ಬರುವ ವರ್ಷ ಮತ್ತೆ ಮೆಡಿಕಲ್ಲಿಗೆ ಅರ್ಜಿ ಕೊಡೋಣ ಎಂದ. ನನಗೆ ಇಬ್ಬರ ಮೇಲೂ ಮೈ ಉರಿದುಹೋಯಿತು. ಕಣ್ಣೆದುರಿಗೆ ಟೀಚರ್ ಟ್ರೈನಿಂಗ್ ಇದೆ, ಗೌರವದ ಕೆಲಸ, ನನ್ನನ್ನೇ ನೋಡಿ ಎಂದೆ. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿ, ಎಲೆಯಡಿಕೆ ಉಗಿಯಲು ಎದ್ದು ಹೋದಳು.

ಕೊನೆಗೆ ಊರದೇವತೆ ಪಟಾಲಮ್ಮನ ಹೂವು ಕೇಳುವುದೆಂದಾಯಿತು. ನಮ್ಮ ಕಡೆ ಇದು ಎಲ್ಲರೂ ಒಪ್ಪುವ ಕೋರ್ಟು. ಪೂಜಾರಿ ದೇವಿಯ ಎರಡು ಭುಜಕ್ಕೂ ಒದ್ದೆ ಕಣಗಿಲೆ ಹೂವು ಅಂಟಿಸುತ್ತಾನೆ. ಕೇಳುವವರು ಎಲ್ಲರಿಗೂ ಕೇಳಿಸುವಂತೆ ಕೇಳಬೇಕು. ಬಲದ ಹೂವು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಗುಡಿಗೆ ಹೋದೆವು. ಹಿರಿಯಳೆಂದು ಅಜ್ಜಿಯೇ ಮೊದಲು ಕೈಮುಗಿದಳು.

"ತಾಯೀ, ಈ ಮಗೀನ ಜಕ್ಕೂರಿಗೆ ಕೊಡಾನಾ?"

ಬಲದ ಹೂವು ಬಿತ್ತು. ಅಜ್ಜಿ ಅಲ್ಲೇ ಛತ್ರದ ಮಾತು ತೆಗೆದಳು.

"ತಡಿಯವ್ವ, ನಾನಿನ್ನೂ ಕೇಳಿಲ್ಲ" ಎಂದ ಮುನಿಶಾಮಪ್ಪ. ಬಿಎಸ್ಸಿ ಓದಿಸಲಾ ಎಂದು ಕೇಳಿದ. ಬಲದ ಹೂವೇ ಬಿತ್ತು.

ಬುದ್ಧಿ ಇದ್ದಿದ್ದರೆ ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಹೆಗಲ ಮೇಲಿನ ಟವಲು ಸೊಂಟಕ್ಕೆ ಕಟ್ಟಿಕೊಂಡು ನಾನೂ ಮುಂದೆ ಹೋದೆ. ಟೀಚರ್ ಟ್ರೈನಿಂಗಿಗೂ ಬಲದ್ದೇ ಬಿತ್ತು! ನನಗಾದ ಸಂತೋಷ ಹೇಳತೀರದು.

"ಊವು ಒದ್ದೆ ಕಮ್ಮಿ ಆಗೈತೆ ಕಣೋ ಆಂಜಿನಪ್ಪ, ಮೇಷ್ಟ್ರುದು ಲೆಕ್ಕಕ್ಕಿಲ್ಲ" ಎಂದಳು ಅಜ್ಜಿ.

"ಇಂಗಂದ್ರೆ ಇನ್ನೆರಡೂ ಲೆಕ್ಕಕ್ಕಿಲ್ಲ" ಎಂದ ಪೂಜಾರಿ ಆಂಜಿನಪ್ಪ, ಮುಖ ಗಂಟಿಕ್ಕಿಕೊಂಡು. "ಮೂರೂ ಒಂದೇ ಚೊಂಬಿನ ನೀರು. ಅಮ್ಮ ಎಲ್ರಿಗೂ ಊಂ ಅಂದವ್ಳೆ. ಮೂರೂ ಮಾಡ್ಸಿ, ನನಗೇನು?"

ಮತ್ತೆ ಜಗಳ ಶುರುವಾಯಿತು. ಹಿರಿಯರು ಕೇಳಿದ್ದು ಮೊದಲೋ, ಹೆತ್ತವರು ಕೇಳಿದ್ದು ಮೊದಲೋ, ಓದಿದವರು ಕೇಳಿದ್ದು ಮೊದಲೋ. ನಾನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ ಎಂದು ಆಮೇಲೆ ಹೆಂಡತಿ ಹೇಳಿದಳು.

ಆಗ ಕಂಬದ ಹತ್ತಿರ ತನ್ನ ಅಮ್ಮ ಲಕ್ಕಮ್ಮನ ಪಕ್ಕ ನಿಂತಿದ್ದ ಗೌರಿ ಮುಂದೆ ಬಂದಳು. "ಆಂಜಿನಪ್ಪಣ್ಣ, ನನಗೂ ಒಂದ್ಸಲ ಹೂವು ಇಡಿ" ಎಂದಳು. ಆಂಜಿನಪ್ಪ ಚೆನ್ನಾಗಿ ಒದ್ದೆ ಮಾಡಿ, ಒತ್ತಿ ಅಂಟಿಸಿದ.

ಗೌರಿ ಕೈಮುಗಿದಳು.

"ಅಮ್ಮಾ, 'ಗೌರೀ, ನಿನಗೇನ್ ಬೇಕು' ಅಂತ ಇವರಲ್ಲಿ ಯಾರಾದ್ರೂ ನನ್ನ ಕೇಳಿದ್ದಾರಾ?"

ಎಡದ ಹೂವು ಬಿತ್ತು.

ನನಗೆ ನಾಚಿಕೆಯಾಯಿತು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ದಿನವೆಲ್ಲ ಪ್ರಶ್ನೆ ಕೇಳುವವನು ನಾನು, ಇವಳನ್ನು ಈ ಒಂದು ಪ್ರಶ್ನೆ ಕೇಳಿರಲಿಲ್ಲ.

ಮುನಿಶಾಮಪ್ಪ ಮಗಳ ಹತ್ತಿರ ಬಂದ. "ಈಗ ಕೇಳ್ತಾ ಇವ್ನಿ ಮಗಾ. ಏನ್ ಓದ್ತೀಯ?"

"ಹೆಬ್ಬಾಳದಲ್ಲಿ ದನದ ಡಾಕ್ಟರ ಕಾಲೇಜಿದೆಯಲ್ಲಪ್ಪ, ಅದಕ್ಕೆ ಸೇರ್ತೀನಿ. ನಾನೇ ಹೋಗಿ ವಿಚಾರಿಸ್ಕೊಂಡು ಬಂದೆ. ಅರ್ಜಿ ಕೊಡೋಕೆ ನಾಳೆ ಕೊನೇ ದಿನ."

"ಅಯ್ಯೋ! ಎಣ್ಣುಮಗ ಓರಿ ಇಡಿಯೋದಾ?" ಎಂದಳು ಅಜ್ಜಿ.

"ಈಗ ಮನೇಲಿ ಹೋರಿ ಹಿಡಿಯೋಳು ಯಾರಜ್ಜಿ?"

ಅದು ನಿಜವೇ. ಆ ಹೋರಿ ಮುನಿಶಾಮಪ್ಪನನ್ನು ಎರಡು ಸಲ ತಿಪ್ಪೆಗೆ ಕೆಡವಿತ್ತು. ಗೌರಿ ಕರೆದರೆ ಬಾಲ ಆಡಿಸಿಕೊಂಡು ಬರುತ್ತಿತ್ತು.

ಮುನಿಶಾಮಪ್ಪ ಮಂಡಿನೋವಿನವರನ್ನು ನೆನೆದನೋ ಏನೋ, ಮುಖ ಸಣ್ಣದಾಯಿತು. "ಜನ ಏನಂದಾರು..." ಎಂದು ರಾಗ ಎಳೆದು, ಪೂಜಾರಿಯ ಕಡೆ ತಿರುಗಿದ. "ಆಂಜಿನಪ್ಪ, ಇದಕ್ಕೂ ಒಂದ್ಸಲ ಊವು ಮಡಗಪ್ಪ."

"ಬ್ಯಾಡ" ಎಂದಳು ಲಕ್ಕಮ್ಮ.

ಮೂರು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು. ಗಂಡ ಪೂಜಾರಿಯ ಕಡೆ ಚಾಚಿದ್ದ ಕೈಯನ್ನು ಹಾಗೇ ಇಳಿಸಿದ.

ನಮ್ಮಲ್ಲಿ ಬಲಕ್ಕೆ ಬಿದ್ದ ಹೂವು ಪ್ರಸಾದ. ಎಡಕ್ಕೆ ಬಿದ್ದದ್ದನ್ನು ಯಾರೂ ಮುಡಿಯುವುದಿಲ್ಲ, ಗುಡಿಸಿ ಆಚೆ ಹಾಕುತ್ತಾರೆ. ಲಕ್ಕಮ್ಮ ಬಗ್ಗಿ ಎಡಕ್ಕೆ ಬಿದ್ದ ಆ ಹೂವನ್ನೇ ಎತ್ತಿಕೊಂಡಳು, ಕಣ್ಣಿಗೊತ್ತಿಕೊಂಡು ಮಗಳ ಜಡೆಗೆ ಸಿಕ್ಕಿಸಿದಳು.