ನಲವತ್ತು ಪಿಟೀಲು, ಒಂದು ತೋಡಿ

ಮೈಸೂರಿನ ಚರಿತ್ರೆ ಬರೆಯುವವರು ೨೦೦೩ರ ಆ ಮಂಗಳವಾರವನ್ನು ಬಿಟ್ಟುಬಿಡಬಾರದು. ಅಂದು ಬೆಳಗ್ಗೆ ಹನ್ನೊಂದಕ್ಕೆ, ಒಂಟಿಕೊಪ್ಪಲಿನ ಮನೆಯೊಂದರ ಹಿಂದಿನ ಕೋಣೆಯಲ್ಲಿ, ಎರಡು ಡಿಸ್ಕುಗಳ ಪೈಕಿ ಯಾವುದು ಮೇಲು ಎಂಬುದು ತೀರ್ಮಾನವಾಗಬೇಕಿತ್ತು.

ಆ ಕೋಣೆ ಅಮರೇಶನ ರೆಕಾರ್ಡಿಂಗ್ ಸ್ಟುಡಿಯೋ. ಡಿಸ್ಕುಗಳೊಳಗೆ ಇದ್ದದ್ದು ಪಿಟೀಲು. ಯಾವುದೋ ದೇಶದ ನಲವತ್ತು ಮಂದಿ ವಾದ್ಯಗಾರರು ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ನುಡಿಸಿ ತುಂಬಿಸಿದ್ದು. ಇಲ್ಲಿ ಕೀಬೋರ್ಡ್ ಒತ್ತಿದರೆ ಕಂಪ್ಯೂಟರು ಅದನ್ನೇ ಕೇಳಿಸುತ್ತಿತ್ತು. ಗೆದ್ದ ಡಿಸ್ಕು ಗಾಯಕಿ ಸಿದ್ದಲಿಂಗಮ್ಮನವರು ಹಾಡಲಿದ್ದ ಎಂಟು ವಚನಗಳ ಸಿ.ಡಿ.ಗೆ ಪಕ್ಕವಾದ್ಯ. ತೀರ್ಪು ಹೇಳಲು ಅಮರೇಶ ಕರೆಸಿದ್ದು ಪ್ರೇಮಲೀಲಾ ಅವರನ್ನು. ಹದಿನಾಲ್ಕು ವರ್ಷದಿಂದ ಆ ಸ್ಟುಡಿಯೋದಲ್ಲಿ ಪಿಟೀಲು ನುಡಿಸುತ್ತಿದ್ದವರು ಅವರೇ. ಇದು ಅವರಿಗೆ ಸಲ್ಲುವ ಗೌರವ ಎಂದೇ ಅವನು ನಂಬಿದ್ದ; ಶಾಲು, ಹಾರ ಮಾತ್ರ ತಂದಿರಲಿಲ್ಲ.

"ನಿಮ್ಮಂಥ ಕಿವಿ ಇನ್ಯಾರಿಗಿದೆ ಪ್ರೇಮಕ್ಕ? ನೀವೇ ಹೇಳ್ಬುಡಿ."

"ನನ್ನ ಜಾಗದಲ್ಲಿ ಯಾರು ಕೂರಬೇಕು ಅಂತ ನಾನೇ ಆರಿಸ್ಬೇಕಾ? ಸರಿ ಕಣೋ, ಹಾಕು."

ಮೊದಲನೆಯದನ್ನು ಕೇಳಿ, "ಸ್ವರಕ್ಕಿಂತ ಅವರು ನುಡಿಸಿದ ಹಾಲ್‌ನ ಗೋಡೆನೇ ಜಾಸ್ತಿ ಕೇಳ್ಸುತ್ತಲ್ಲೋ" ಎಂದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. "ಇದು ಮೇಲು. ಸುಳ್ಯಾಕೆ ಹೇಳ್ಲಿ, ನಾದ ಚೆನ್ನಾಗಿದೆ. ಆದ್ರೆ ಪ್ರತಿ ಸಲನೂ ಕಮಾನು ಒಂದೇ ಥರ ಬೀಳುತ್ತೆ, ಆಫೀಸಿನ ಸೀಲು ಹೊಡ್ದಂಗೆ. ಎಲ್ಲಿ, ಈಗ ತೋಡಿ ನುಡಿಸು."

ಎಂಟು ವಚನಗಳಲ್ಲಿ ಮೊದಲನೆಯದೇ ತೋಡಿ ರಾಗದ್ದು. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ಓಲಾಡುತ್ತಲೇ ಇರಬೇಕು. ಡಿಸ್ಕಿನ ಗಾಂಧಾರ ಕವಾಯತಿನಲ್ಲಿ ನಿಂತಂತೆ ನೆಟ್ಟಗೆ ನಿಂತಿತು. ಅದನ್ನು ಓಲಾಡಿಸಲು ಅಮರೇಶ ಕೀಬೋರ್ಡಿನ ಪಕ್ಕದ, ಸ್ವರ ಏರಿಳಿಸುವ ಚಕ್ರ ತಿರುಗಿಸಿದ. ನಲವತ್ತು ಮಂದಿಯೂ ಒಟ್ಟಿಗೆ ಜಾರಿದರು.

ಚಾಪೆಯ ಮೇಲೆ ಕೂತಿದ್ದ ಸಿದ್ದಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಏನ್ ಮಗ ಅದು! ಬೆಟ್ಟದಿಂದ ಬ್ರೇಕಿಲ್ಲದ ಬಸ್ಸು ಇಳ್ದಂಗಾಯ್ತಲ್ಲ!"

ಪ್ರೇಮಲೀಲಾ ಪೆಟ್ಟಿಗೆ ತೆರೆದರು. ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು, ಒಂದೇ ಬೆರಳಿನಲ್ಲಿ ಗಾಂಧಾರವನ್ನು ಎಳೆದರು.

ಅಮರೇಶ ತಲೆ ಕೆರೆದುಕೊಂಡ. "ಆಯ್ತಕ್ಕ, ತೋಡಿ ನಿಮ್ದು. ಮಿಕ್ಕ ಏಳು ಎರಡನೇ ಡಿಸ್ಕಿಗೆ."

"ಎಂಟೂ ನಂದು. ಇಲ್ಲಾಂದ್ರೆ ಒಂದೂ ಬೇಡ."

"ಕಾಲ ಬದಲಾಗಿದೆ ಪ್ರೇಮಕ್ಕ. ಬೆಂಗಳೂರಲ್ಲೆಲ್ಲಾ..."

"ಅದನ್ನ ಬೆಂಗಳೂರಲ್ಲೇ ಹೇಳು. ನಾನಂತೂ ಇಲ್ಲಿಂದ ಏಳಲ್ಲ. ಬೇಕಾದ್ರೆ ನಿನ್ನ ನಲವತ್ತು ಜನಾನೂ ಕರೆಸು, ಬಂದು ಎಬ್ಬಿಸ್ಲಿ."

ಅಮರೇಶ ಸಿದ್ದಲಿಂಗಮ್ಮನವರ ಕಡೆ ತಿರುಗಿದ. "ಅಮ್ಮಾ, ನೀವಾದ್ರೂ ಒಂದು ಮಾತು ಹೇಳಿ."

"ಹೇಳ್ತೀನಿ. ನಾನು ಎಲ್ಲಿ ಉಸಿರು ತಗೋತೀನಿ ಅಂತ ಇವಳಿಗೆ ಗೊತ್ತು, ನಿನ್ನ ಡಿಸ್ಕಿಗೆ ಗೊತ್ತಿಲ್ಲ. ಇವಳಿಲ್ಲ ಅಂದ್ರೆ ನಂಗೂ ಒಂದು ಆಟೋ ಕರಿ."

ಎಂಟು ವಚನಕ್ಕೂ ಪ್ರೇಮಲೀಲಾ ಅವರೇ ಪಿಟೀಲು ನುಡಿಸಿದರು.